ಕತ್ತಿಗೆ ಕೊಟ್ಟ ವೀಳ್ಯದೆಲೆ

ನಿನ್ನೆ ಬೆಳಿಗ್ಗೆ ಬೂಬಮ್ಮನ ಮನೆಯಿಂದ ಒಂದು ಕಟ್ಟು ವೀಳ್ಯದೆಲೆ ಬಂತು. ಬಾಳೆಪಟ್ಟೆಯಲ್ಲಿ ಸುತ್ತಿ, ಮೇಲೆ ನೀರು ಚಿಮುಕಿಸಿ ಕಳಿಸಿದ್ದಳು. ಬಿಚ್ಚಿದ ಕೂಡಲೇ ಹಸಿ ಎಲೆಯ ಘಾಟು ಮೂಗಿಗೆ ಬಡಿಯಿತು. ಈ ವಾಸನೆ ಬೇರೆಯವರಿಗೆ ಮದುವೆ ಮನೆಯನ್ನು ನೆನಪಿಗೆ ತರಬಹುದು. ನನಗೆ ನೆನಪಾಗುವುದು ಒಂದು ಬಚ್ಚಲು, ಆರಿಹೋಗುತ್ತಿದ್ದ ಹಂಡೆ ನೀರು, ಎಣ್ಣೆ ಹಚ್ಚಿಸಿಕೊಂಡು ನನ್ನ ಕಾಲ ಮೇಲೆ ಮಲಗಿದ್ದ ಗಂಡು ಕೂಸು, ಆ ಕೂಸಿನ ನೆತ್ತಿಯ ಮೇಲೆ ಜಗಳವಾಡುತ್ತಿದ್ದ ಹೆಂಗಸರು.

ಕಟ್ಟು ತಂದುಕೊಟ್ಟವನು ಬೂಬಮ್ಮನ ಮಗ ಇಮ್ತಿಯಾಜ್. ಬಾಗಿಲಲ್ಲೇ ನಿಂತು ಹಲ್ಲು ಬಿಟ್ಟ.

“ಅಜ್ಜಿ, ಎರಡ್ನೇದೂ ಗಂಡು. ಎರೆಯಾಕೆ ನೀನೇ ಬರ್ಬೇಕಂತೆ, ಅಮ್ಮಿ ಹೇಳವ್ರೆ.”

“ನನ್ನ ಮಂಡಿ ಬಗ್ಗಾಕಿಲ್ಲ ಅಂತ ಹೇಳ್ಲಾ ನಿಮ್ಮಮ್ಮಂಗೆ.”

“ಹೇಳ್ದೆ ಅಜ್ಜಿ. ಮಂಡಿ ಬಗ್ಗದಿದ್ರೆ ಬುಡು, ಬಾಯಿ ತಕ್ಕಂಡು ಬಂದು ಕೂತ್ಕಳ್ಲಿ ಸಾಕು, ಅದಿನ್ನೂ ಗಟ್ಟಿಯಾಗೈತೆ ಅಂದ್ರು.”

ನೋಡಿ, ಇಷ್ಟು ಸದರ. ಆದರೂ ಎಲೆ ವಾಪಸು ಕಳಿಸಲಿಲ್ಲ. ಒಂದು ಎಲೆ ತೆಗೆದು, ತುದಿ ಮುರಿದು ಎಸೆದು, ಸುಣ್ಣ ಸವರಿ ಬಾಯಿಗಿಟ್ಟುಕೊಂಡೆ. ತುದಿ ಮುರಿಯುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಯಾಕೆ ಮುರಿಯಬೇಕು ಅಂತ ನಮ್ಮವ್ವ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎಷ್ಟೋ ಕೆಲಸ ಹಾಗೇ ಮಾಡುತ್ತೇವೆ.

ನಾನು ಶಿರಾ ಪೇಟೆಯಲ್ಲಿ ಮಕ್ಕಳಿಗೆ ಎರೆಯುತ್ತಿದ್ದವಳು, ಮಂಡಿ ಹೋದ ಮೇಲೆ ಬಿಟ್ಟೆ. ಹೆರಿಗೆ ಮಾಡಿಸುವವಳಲ್ಲ, ಅದು ಆಸ್ಪತ್ರೆಯವರ ಕೆಲಸ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೂಸು ನನ್ನದು. ಮಣೆಯ ಮೇಲೆ ಕೂತು ಎರಡು ಕಾಲೂ ನೀಡಬೇಕು. ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ ಹರಳೆಣ್ಣೆ ಹಚ್ಚಬೇಕು, ಕೈಕಾಲು ನೀವಬೇಕು, ಮೂಗು ತಿದ್ದಬೇಕು, ತಲೆ ಗುಂಡಗೆ ಒತ್ತಬೇಕು. ಆಮೇಲೆ ಕಡಲೆಹಿಟ್ಟು ತಿಕ್ಕಿ, ಬಿಸಿನೀರು ಹೊಯ್ದು, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ ತಾಯಿಯ ಮಗ್ಗುಲಿಗೆ ಹಾಕಿದರೆ ಕೂಸು ಮಧ್ಯಾಹ್ನದವರೆಗೆ ಮಿಸುಕುವುದಿಲ್ಲ. ಈಗಿನ ಡಾಕ್ಟರುಗಳು ಮೂಗು ಎಳೆಯಬೇಡಿ, ತಲೆ ಒತ್ತಬೇಡಿ, ಹೊಗೆ ಹಾಕಬೇಡಿ ಅನ್ನುತ್ತಾರೆ. ಅನ್ನಲಿ. ಶಿರಾದ ಅರ್ಧ ಮೂಗು ನಾನು ಮಾಡಿದ್ದು ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಸ್ವಂತ ಮಗನ ಮೂಗು ಮಾತ್ರ ದೋಸೆ ಹುಯ್ದ ಹಾಗೆ ಚಪ್ಪಟೆ. ಯಾರಾದರೂ ಅದನ್ನು ತೋರಿಸಿದರೆ, ಅವನು ಅವರಪ್ಪನ ಕಡೆ ಎಂದು ಹೇಳಿ ಮಾತು ತಿರುಗಿಸುತ್ತೇನೆ.

ನಮ್ಮವರ ಮನೆಗೂ ಹೋಗುತ್ತಿದ್ದೆ, ಮುಸಲ್ಮಾನರ ಮನೆಗೂ ಹೋಗುತ್ತಿದ್ದೆ. “ಸಾಬರ ಮನೇಲಿ ಎರೆದು ಬಂದು ನಮ್ಮನೆ ಕೂಸು ಮುಟ್ತೀಯಲ್ಲ” ಎಂದು ಒಬ್ಬಾಕೆ ಒಮ್ಮೆ ಮುಖ ಸಿಂಡರಿಸಿದಳು. “ಹಂಗಾದ್ರೆ ನೀನೇ ಎರ್ಕಳವ್ವ, ಕಾಲು ನೀಡು” ಎಂದು ಬಂದುಬಿಟ್ಟೆ. ಅವಳ ದಪ್ಪ ಮೈಗೆ ನೀಡಿದ ಕಾಲನ್ನು ಮತ್ತೆ ಮಡಚಲು ಇಬ್ಬರು ಬೇಕಿತ್ತು. ಮಾರನೆಯ ದಿನ ತಾನೇ ಹೇಳಿಕಳಿಸಿದಳು.

ಬೂಬಮ್ಮನ ಹೆಸರು ರಾಬಿಯಾಬಿ. ನಾನು ಮೊದಲಿನಿಂದಲೂ ಬೂಬಮ್ಮ ಅನ್ನುತ್ತೇನೆ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅವಳ ಗಂಡನ ಮನೆಯವರು ಹತ್ತಿ ಹಿಂಜಿ ಹಾಸಿಗೆ ಮಾಡುವವರು. ಹಿಂಜುವ ಬಿಲ್ಲು ಈಗ ಗೋಡೆಯಲ್ಲಿ ನೇತಾಡುತ್ತಿದೆ, ಕೆಲಸ ಮೋಟಾರಿನದು. ಆದರೆ ಹಾಸಿಗೆಯ ಬಟ್ಟೆ ಹೊಲಿಯುವುದು ಇವತ್ತಿಗೂ ಬೂಬಮ್ಮನೇ. ಹೊಲಿದು ಉಳಿದ ಒಂದೊಂದು ಚೂರನ್ನೂ ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಾಳೆ. ಯಾವ ಹಾಸಿಗೆ ಎಲ್ಲಿ ಹರಿದು ಬಂದರೂ ಅದೇ ಬಟ್ಟೆಯ ತೇಪೆ ಅವಳ ಗಂಟಿನಲ್ಲಿ ಸಿಗುತ್ತದೆ. ಗಂಡ ಅಂಗಡಿ ಬಿಟ್ಟು ಏಳುವುದಿಲ್ಲ. ಮನೆಯಲ್ಲಿ ಮಾತು ಇವಳದೇ.

ಇಮ್ತಿಯಾಜನ ಮೊದಲ ಮಗ ಅಯಾನ್ ಹುಟ್ಟಿದಾಗ ಬೂಬಮ್ಮ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಕೂಸಿನ ಬಟ್ಟೆ ಬಿಚ್ಚಿ, “ನೋಡಕ್ಕ, ಸರಿಯಾಗಿ ನೋಡು. ಅಲ್ಲಾನೇ ಮಾಡಿ ಕಳ್ಸವ್ನೆ” ಅಂದಳು.

ಅವರಲ್ಲಿ ಗಂಡುಮಗುವಿಗೆ ಖತ್ನಾ ಮಾಡಿಸುತ್ತಾರೆ, ತುದಿಯ ಚರ್ಮ ತೆಗೆಸುತ್ತಾರೆ ಎನ್ನುವುದು ನಿಮಗೂ ಗೊತ್ತು. ಅಪರೂಪಕ್ಕೆ ಒಂದು ಮಗು ಆ ಚರ್ಮ ಅರ್ಧ ಇಲ್ಲದೆಯೇ ಹುಟ್ಟುತ್ತದೆ. ಕೆಳಗಡೆ ಏನೂ ಇರುವುದಿಲ್ಲ, ಮೇಲುಗಡೆ ಮಾತ್ರ ಮುಸುಕಿನ ಹಾಗೆ ಒಂದಿಷ್ಟು ನಿಂತಿರುತ್ತದೆ. ಅದಕ್ಕೆ ಪೈಗಂಬರಿ ಖತ್ನಾ ಎಂದು ಹೆಸರು. ಅಂಥ ಮಗು ಪುಣ್ಯವಂತ, ಮೇಲಿನವರೇ ಕೆಲಸ ಮುಗಿಸಿ ಕಳಿಸಿದ್ದಾರೆ ಎಂದು ನಂಬಿಕೆ. ಬೂಬಮ್ಮ ಬೀದಿಗೆಲ್ಲ ಜಿಲೇಬಿ ಹಂಚಿದಳು. ನನಗೂ ಕೊಟ್ಟಳು. “ಒಳ್ಳೇದಾತು ಬುಡು, ಮಗೂಗೆ ಒಂದು ಅಳು ಕಮ್ಮಿ” ಎಂದು ತಿಂದೆ.

ಆ ಕೂಸಿನ ಬಗ್ಗೆ ನಾನೂ ಊರ ತುಂಬ ಒಂದು ಮಾತು ಹಬ್ಬಿಸಿದೆ. ಗಂಡು ಕೂಸುಗಳಿಗೆ ಎರೆಯುವವರ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಬಿಸಿನೀರು ಮೈಗೆ ತಾಗಿದ ಕೂಡಲೇ ಹೊಯ್ದುಬಿಡುತ್ತವೆ. ಸೀರೆ, ರವಿಕೆ, ಕೆಲವು ಸಲ ನೇರ ಮುಖಕ್ಕೇ. ನನ್ನ ಸೊಂಟದಲ್ಲಿ ಅದಕ್ಕೆಂದೇ ಒಂದು ಬಟ್ಟೆ ಇರುತ್ತಿತ್ತು. ಈ ಕೂಸು ಮಾತ್ರ ಒಂದು ದಿನವೂ ನನ್ನನ್ನು ಒದ್ದೆ ಮಾಡಲಿಲ್ಲ. “ಇಂಥ ಮರ್ಯಾದಸ್ಥ ಕೂಸು ನಾನು ಕಂಡಿಲ್ಲ ಕಣಮ್ಮ” ಎಂದು ಹೋದ ಮನೆಯಲ್ಲೆಲ್ಲ ಹೇಳಿದೆ. ಬೂಬಮ್ಮನಿಗೆ ಇನ್ನೂ ಉಬ್ಬು.

ಸೊಸೆ ನಸೀಮ ಉಬ್ಬಲಿಲ್ಲ. ಅವಳು ಮಧುಗಿರಿಯ ಹುಡುಗಿ. ಮಾತು ಕಡಿಮೆ, ನೋಟ ಹೆಚ್ಚು. ಒಂದು ದಿನ ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಜ್ಜಿ, ಬೇರೆ ಹುಡುಗ್ರು ನಿನ್ ಸೀರೆ ಒದ್ದೆ ಮಾಡ್ತವಲ್ಲ, ಇವನ್ಯಾಕೆ ಮಾಡಾಕಿಲ್ಲ?”

“ಒಳ್ಳೇ ಹೊಟ್ಟೇಲಿ ಹುಟ್ಟವ್ನೆ, ಅದ್ಕೆ.”

“ಅದಲ್ಲ ಅಜ್ಜಿ. ಇವನು ಹೊಯ್ಯೋದೆಲ್ಲ ಇವನ ಕಾಲಿಗೇ ಇಳೀತದೆ. ದಾರಿ ಎಲ್ಲೈತೆ ಅಂತ ನೀನೇ ನೋಡು.”

ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಅವಳು ಹೇಳಿದ್ದು ಸರಿ. ತೂತು ತುದಿಯಲ್ಲಿರಲಿಲ್ಲ. ಕೆಳಗೆ, ಬುಡದ ಕಡೆಗೆ ಇತ್ತು. ಅಷ್ಟು ದಿನದಿಂದ ನನ್ನ ಕಾಲ ಮೇಲೇ ಮಲಗುತ್ತಿದ್ದ ಕೂಸು. ನಾನು ಮೂಗು ನೋಡುತ್ತಿದ್ದೆ.

ಇಮ್ತಿಯಾಜ್ ಆಗಲೂ ಈಗಲೂ ಪಾವಗಡದ ಆಚೆ ತಿರುಮಣಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹೊಲಗಳನ್ನೆಲ್ಲ ಬಾಡಿಗೆಗೆ ಹಿಡಿದು ಸೋಲಾರ್ ಹಲಗೆ ನಿಲ್ಲಿಸಿದ್ದಾರಲ್ಲ, ಅದರ ವೈರು ನೋಡಿಕೊಳ್ಳುವುದು. ವಾರವೆಲ್ಲ ಅಲ್ಲೇ ಇದ್ದು ರಜೆಗೆ ಮನೆಗೆ ಬರುತ್ತಾನೆ. ಹುಡುಗ ಒಳ್ಳೆಯವನೇ. ಆದರೆ ಅಲ್ಲಿ ತೆಲುಗು ಕಲಿತುಬಿಟ್ಟಿದ್ದಾನೆ. ಅಮ್ಮನಿಗೆ ಉತ್ತರ ಕೊಡಲು ಕಷ್ಟವಾದಾಗಲೆಲ್ಲ “ಚೂದ್ದಾಂ, ಚೂದ್ದಾಂ” ಎಂದು ಹೊರಗೆ ಜಾರಿಕೊಳ್ಳುತ್ತಾನೆ. ನೋಡೋಣ ಅನ್ನುವುದನ್ನು ಕನ್ನಡದಲ್ಲಿ ಹೇಳಿದರೆ ಯಾವಾಗ ನೋಡುತ್ತೀಯ ಎಂದು ಬೂಬಮ್ಮ ಕೇಳುತ್ತಾಳೆ, ಅದಕ್ಕೆ.

ಗಂಡ ಹೆಂಡತಿ ಕೂಸನ್ನು ತುಮಕೂರಿನಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದರು. ಆಕೆ ಹೇಳಿದ್ದು ಇಷ್ಟು. ಇದು ಪುಣ್ಯವೂ ಅಲ್ಲ, ಪಾಪವೂ ಅಲ್ಲ, ಹುಟ್ಟಿನಲ್ಲಿ ಆದ ಒಂದು ಕೊರತೆ. ಸ್ವಲ್ಪ ಬೆಳೆದ ಮೇಲೆ ಆಪರೇಷನ್ ಮಾಡಿ ದಾರಿಯನ್ನು ತುದಿಗೆ ತರಬಹುದು. ಆ ದಾರಿ ಕಟ್ಟಲು ಬೇಕಾಗುವುದು ಮೇಲುಗಡೆ ಉಳಿದಿದೆಯಲ್ಲ, ಅದೇ ಚರ್ಮ. ಅಲ್ಲಿಯವರೆಗೆ ಯಾರೂ ಅದಕ್ಕೆ ಕತ್ತಿ ಮುಟ್ಟಿಸಬಾರದು. ಕತ್ತರಿಸಿ ಎಸೆದರೆ ಆಮೇಲೆ ರಿಪೇರಿ ಬಹಳ ಕಷ್ಟ.

ಇಬ್ಬರೂ ಬಸ್ಸಿನಲ್ಲಿ ಬರುವಾಗಲೇ ಖತ್ನಾ ಮಾಡಿಸುವುದು ಬೇಡ ಎಂದು ತೀರ್ಮಾನಿಸಿಕೊಂಡರಂತೆ. ಇಮ್ತಿಯಾಜ್ ಮಸೀದಿಯ ಹಜರತ್‌ರನ್ನೂ ಕೇಳಿದ. ಮೈಗೆ ಕೇಡಾಗುವುದಿದ್ದರೆ ಬಿಡಬಹುದು, ಆತುರವಿಲ್ಲ ಎಂದು ಅವರೂ ಹೇಳಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಬೂಬಮ್ಮ ಜಿಲೇಬಿ ಹಂಚಿಯಾಗಿತ್ತು.

“ಡಾಕ್ಟ್ರಮ್ಮ ಕುಯ್ಯಬ್ಯಾಡಿ ಅಂತಾಳೆ, ಆಮೇಲೆ ತಾನೇ ಕುಯ್ತೀನಿ ಅಂತಾಳೆ. ಇದ್ಯಾವ ನ್ಯಾಯ ಕಣಕ್ಕ?” ಎಂದು ನನ್ನನ್ನು ಕೇಳಿದಳು.

“ನಂಗೇನು ಗೊತ್ತು. ನಾನು ಓದಿರೋದು ಮೂರ್ನೇ ಕ್ಲಾಸು.”

“ಬೀದಿಗೆಲ್ಲ ಪುಣ್ಯದ ಮಗು ಅಂತ ಹೇಳಿವ್ನಿ. ಈಗ ಹೋಗಿ, ಇಲ್ಲ ಕಣಮ್ಮ, ಮೊಮ್ಮಗ್ನಿಗೆ ಕೊರತೆ ಐತೆ ಅಂತ ಹೇಳ್ಳಾ? ನಾಳೆ ಅವನಿಗೆ ಹೆಣ್ಣು ಕೊಡೋರು ಏನಂತಾರೆ?”

ತೊಟ್ಟಿಲಲ್ಲಿದ್ದವನಿಗೆ ಹೆಣ್ಣು ಕೊಡುವವರ ಚಿಂತೆ. ನಗಬೇಡಿ. ನಾವೂ ಮೊಮ್ಮಕ್ಕಳ ಮುಡಿ ಕೊಡಲು ಒಂದು ವರ್ಷ ತಡವಾದರೆ ನಿದ್ದೆಗೆಡುತ್ತೇವೆ. ನಸೀಮ ಒಮ್ಮೆ ನನ್ನನ್ನು ಕೇಳಿದ್ದಳು, “ನಿಮ್ಮಲ್ಲಿ ಮುಡಿ ಕೊಡದಿದ್ರೆ ಏನಾಗ್ತದೆ ಅಜ್ಜಿ?” “ಕೂದ್ಲು ಉದ್ದ ಆಗ್ತದೆ” ಅಂದೆ. ಅವಳು ನಕ್ಕಳು. ಆದರೆ ನನ್ನ ಮೊಮ್ಮಗನ ಮುಡಿ ತಡವಾದಾಗ ನಾನು ಮಗನಿಗೆ ಹಾಕಿದ ಕೂಗು ಅವಳು ಕೇಳಿರಲಿಲ್ಲ.

ಅಷ್ಟರಲ್ಲಿ ಮಧುಗಿರಿಯಿಂದ ಫುಪ್ಪು ಬಂದಳು. ಫುಪ್ಪು ಎಂದರೆ ಬೂಬಮ್ಮನ ಗಂಡನ ಅಕ್ಕ, ಇಮ್ತಿಯಾಜನಿಗೆ ಸೋದರತ್ತೆ. ಮಧುಗಿರಿಯ ಬಂಡೆಯೇ ಕಾಲು ಬಂದು ಬಸ್ಸು ಹತ್ತಿದ ಹಾಗೆ ಹೆಂಗಸು. ಅವಳು ಒಂದೇ ಮಾತಲ್ಲಿ ಹೇಳಿದಳು, “ಅರ್ಧ ಆಗಿರೋದು ಆಗಿಲ್ದಂಗೇ. ಮಿಕ್ಕಿದ್ದಕ್ಕೆ ಕತ್ತಿ ಮುಟ್ಟಿಸ್ಬೇಕು.” ಹಜರತ್ ಬಿಡಬಹುದು ಅಂದಿದ್ದಾರೆ ಎಂದರೆ, “ಅವ್ರು ಮಗೂನ ನೋಡವ್ರಾ? ಮಾತಿಗೆ ಹೇಳಿರ್ತಾರೆ” ಅಂದಳು.

ಬೂಬಮ್ಮನ ಮಗಳ ಮಗ ಸಲೀಮನಿಗೆ ಆಗ ಖತ್ನಾದ ವಯಸ್ಸಾಗಿತ್ತು. ಒಂಟಿ ಹುಡುಗನಿಗೆ ಮಾಡಿಸಬಾರದು, ಜೋಡಿಗೆ ಇನ್ನೊಬ್ಬ ಇರಬೇಕು ಎನ್ನುವುದು ಅವರ ಮನೆಯ ಪದ್ಧತಿ. ಜೋಡಿ ಹುಡುಕಿಕೊಂಡು ಬೇರೆ ಮನೆಗೆ ಯಾಕೆ ಹೋಗಬೇಕು, ಅಯಾನ್ ಇದ್ದಾನಲ್ಲ ಎಂದು ಫುಪ್ಪು ದಿನ ಗೊತ್ತುಮಾಡಿಬಿಟ್ಟಳು. ಖತ್ನಾ ಆಗಿಬಿಟ್ಟರೆ ಕೊರತೆಯ ಮಾತು ಯಾರೂ ಎತ್ತುವುದಿಲ್ಲ ಎಂದು ಬೂಬಮ್ಮ ಹೂಂ ಅಂದಳು. ನೆಂಟರಿಗೆಲ್ಲ ಹೇಳಿಯಾಯಿತು. ಇಮ್ತಿಯಾಜನಿಗೆ ಫೋನು ಮಾಡಿದರೆ ಚೂದ್ದಾಂ ಅಂದನಂತೆ.

ನಾಳೆ ಖತ್ನಾ ಅನ್ನುವಾಗ, ಸಂಜೆ, ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಇಮ್ತಿಯಾಜ್ ತಲೆ ಕೆರೆದುಕೊಂಡ.

“ಅಜ್ಜಿ, ನಾಳೆ ಎರೆಯಾಕೆ ಬತ್ತೀಯಲ್ಲ, ಆಗ ಮಗು ಮೈ ಸುಡ್ತಾ ಐತೆ ಅಂದ್ಬುಡು. ನಿನ್ ಮಾತು ಎಲ್ರೂ ನಂಬ್ತಾರೆ. ಜ್ವರ ಇರೋ ಮಗೂನ ಯಾರೂ ಮುಟ್ಟಾಕಿಲ್ಲ.”

“ಜ್ವರ ಇಲ್ಲದ ಮಗೂಗೆ ಜ್ವರ ಐತೆ ಅಂತ ನಾನು ಹೇಳಾಕಿಲ್ಲ.”

“ಒಂದೇ ಒಂದು ಮಾತು ಅಜ್ಜಿ.”

“ಆ ಜ್ವರ ಎಷ್ಟು ದಿನ ಇರ್ತದೆ? ಬುಟ್ಟ ಮೇಲೆ ಮತ್ತೆ ದಿನ ನೋಡ್ತಾರೆ. ಆವಾಗ ಏನು ಹೇಳ್ತೀಯ, ಭೇದಿ? ಆಮೇಲೆ? ಮಗ ನಿಂದು, ಬ್ಯಾಡ ಅಂದೋನು ನೀನು. ಬಾಯಿ ನಂದ್ಯಾಕೆ ಬೇಕು?”

ಇಮ್ತಿಯಾಜ್ ಹೆಂಡತಿಯ ಮುಖ ನೋಡಿದ. ನಸೀಮ ನನ್ನ ಮುಖ ನೋಡಿದಳು. ಅವಳಿಗೆ ಸಿಟ್ಟು ಬಂದಿತ್ತು. ನಾನೇನೂ ಸಮಾಧಾನ ಮಾಡಲಿಲ್ಲ. ಅವರು ಹೋದ ಮೇಲೆ ಅಡುಗೆ ಮಾಡಿಕೊಂಡು ಉಂಡೆ. ಒಂದು ಸುಳ್ಳಿಗೆ ಇಷ್ಟು ಬಿಗಿಯಬೇಕಿತ್ತೇ ಎಂದು ನೀವು ಕೇಳಬಹುದು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಅಂತಲ್ಲ, ಬೇಕಾದಷ್ಟು ಹೇಳಿದ್ದೇನೆ. ಆದರೆ ಈ ಸುಳ್ಳು ಆ ಮಗುವನ್ನು ಕಾಯುತ್ತಿರಲಿಲ್ಲ, ಮುಂದಿನ ವಾರಕ್ಕೆ ದೂಡುತ್ತಿತ್ತು ಅಷ್ಟೇ.

ಮಾರನೆಯ ದಿನ ಮನೆ ಮುಂದೆ ಶಾಮಿಯಾನ, ಹಿತ್ತಲಲ್ಲಿ ಬಿರಿಯಾನಿ ಹಂಡೆ. ನಡುಮನೆಯಲ್ಲಿ ಎರಡು ಮಣೆ ಹಾಕಿ, ಎರಡು ಜರಿ ಟೋಪಿ, ಎರಡು ಹೂವಿನ ಹಾರ ಇಟ್ಟಿದ್ದರು. ಖತ್ನಾ ಮಾಡುವ ಹಜಾಮರು, ವಯಸ್ಸಾದವರು, ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಇಮ್ತಿಯಾಜ್ ಬಿರಿಯಾನಿ ಹಂಡೆಯ ಪಕ್ಕದಲ್ಲಿ ನಿಂತು ಸೌದೆ ದೂಡುತ್ತಿದ್ದ, ಅಡುಗೆಯವನು ಬೇಡ ಬೇಡ ಅಂದರೂ ಬಿಡದೆ.

ನಾನು ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚಿದೆ. ಇನ್ನೂ ನೀರು ಹೊಯ್ದಿರಲಿಲ್ಲ, ಫುಪ್ಪು ಬಂದು ಬಾಗಿಲು ತುಂಬ ನಿಂತಳು. ಹಿಂದೆ ಬೂಬಮ್ಮ.

“ಬೇಗ ಒರೆಸಿ ಕೊಡು. ಹಜಾಮರು ಕಾಯ್ತಾವ್ರೆ.”

“ಕೊಡಬ್ಯಾಡ ಅಜ್ಜಿ,” ಎಂದಳು ನಸೀಮ. ನೀರಿನ ಹಂಡೆಯ ಪಕ್ಕದಲ್ಲಿ ಅವಳು ನಿಂತಿರುವುದನ್ನು ನಾನೇ ಮರೆತಿದ್ದೆ.

“ಏನಂದೆ?” ಎಂದಳು ಫುಪ್ಪು.

“ಮಗೂಗೆ ಖತ್ನಾ ಮಾಡ್ಸಾಕಿಲ್ಲ. ನಾನೂ ಅವರೂ ಸೇರಿ ಆಡಿರೋ ಮಾತು. ಜ್ವರ ಇಲ್ಲ, ಏನಿಲ್ಲ. ಮಾಡ್ಸಾಕಿಲ್ಲ, ಅಷ್ಟೇ.”

“ರಾಬಿಯಾ, ಕೇಳ್ದಾ ನಿನ್ ಸೊಸೆ ಮಾತು? ಹೊರಗೆ ಅಷ್ಟು ಜನ ಕೂತವ್ರೆ. ಮರ್ಯಾದೆ ಐತಾ ಇವಳಿಗೆ?”

“ಅವನೆಲ್ಲಿ? ಇಮ್ತು ಎಲ್ಲಿ?” ಎಂದು ಬೂಬಮ್ಮ ಕೂಗಿದಳು. ಇಮ್ತಿಯಾಜ್ ಬಂದ. ಕೈಯಲ್ಲಿ ಸೌದೆ ಹಾಗೇ ಇತ್ತು. ಎಲ್ಲರೂ ಅವನನ್ನೇ ನೋಡಿದರು. ಚೂದ್ದಾಂ ಅನ್ನುತ್ತಾನೆ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡು ಕನ್ನಡದಲ್ಲೇ ಹೇಳಿದ, “ಹೂಂ ಅಮ್ಮಿ. ನಾನೂ ಬ್ಯಾಡ ಅಂದಿವ್ನಿ.” ಇಷ್ಟು ಹೇಳಿ ಸೌದೆಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತ.

ನನ್ನ ಫಜೀತಿ ಕೇಳಿ. ಜಗಳವೆಲ್ಲ ನನ್ನ ತಲೆಯ ಮೇಲೆ. ಏಳೋಣವೆಂದರೆ ಕಾಲ ಮೇಲೆ ಎಣ್ಣೆಕೂಸು, ಜಾರಿದರೆ ಕಲ್ಲಿಗೇ. ಹಂಡೆಯ ನೀರು ಆರುತ್ತಿತ್ತು. “ಜಗಳ ಆಡೋರು ಒಂದು ಚೊಂಬು ಬಿಸಿನೀರಾದ್ರೂ ಹೊಯ್ದು ಆಡ್ರವ್ವ” ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಸೀಮ ಫುಪ್ಪುವಿನ ಕಡೆ ತಿರುಗಲೇ ಇಲ್ಲ. ಅತ್ತೆಯ ಹತ್ತಿರ ಬಂದಳು.

“ಅಮ್ಮಿ, ಒಂದು ಮಾತು ಹೇಳಿ. ಹಾಸಿಗೆ ಹೊಲಿದು ಮಿಕ್ಕಿದ ಬಟ್ಟೆ ನೀವು ಯಾಕೆ ಎಸೆಯಾಕಿಲ್ಲ?”

“ಅದ್ಕೂ ಇದ್ಕೂ ಏನು?”

“ಹೇಳಿ ಅಮ್ಮಿ.”

“ನಾಳೆ ಹರಿದು ಬಂದ್ರೆ ಅದೇ ಬಟ್ಟೆ ಎಲ್ಲಿಂದ ತರೋದು?”

“ಇದೂ ಅದೇ ಅಮ್ಮಿ. ಇವನಿಗೆ ತೇಪೆ ಹಾಕ್ಬೇಕು. ಅದೇ ಬಟ್ಟೆ ಬೇಕು. ಅದು ಇವನ ಮೈಮೇಲೆ ಮಾತ್ರ ಐತೆ. ಇವತ್ತು ಕತ್ತರಿಸಿ ಎಸೆದ್ರೆ ನಾಳೆ ನಿಮ್ ಗಂಟಲ್ಲಿ ಸಿಗ್ತದಾ?”

ಬೂಬಮ್ಮ ಬಗ್ಗಿ ಕೂಸನ್ನು ನೋಡಿದಳು. ಕೂಸು ಆ ಹೊತ್ತಿಗೇ ಹೊಯ್ದಿತು. ಎಂದಿನಂತೆ ಅದರ ತೊಡೆಯ ಮೇಲೆಯೇ ಇಳಿದು ಹೋಯಿತು. ನನ್ನ ಸೀರೆಗೆ ಒಂದು ಹನಿ ಬೀಳಲಿಲ್ಲ.

“ಜೋಡಿ ಇಲ್ದೆ ಸಲೀಮಂಗೆ ಹೆಂಗೆ ಮಾಡ್ತೀಯ?” ಎಂದಳು ಫುಪ್ಪು. “ಒಂಟಿಗೆ ಮಾಡೋ ಹಂಗಿಲ್ಲ. ಬಂದೋರ್ನೆಲ್ಲ ವಾಪಸ್ ಕಳಿಸು, ಹೋಗು.”

ಬೂಬಮ್ಮ ನೆಟ್ಟಗಾದಳು. “ಇಮ್ತು, ಆ ಸೌದೆ ಬಿಸಾಕಿ ಕುಂಬಾರರ ಮನೆಗೆ ಓಡು. ಮೂತಿ ಇರೋ ಮಣ್ಣಿನ ಗಿಂಡಿ, ಹೊಸದು, ಒಂದು ತಕ್ಕಂಡು ಬಾ.”

“ಗಿಂಡಿ ಯಾಕೆ?”

“ನಮ್ಮ ತೌರಿನ ಕಡೆ ಹುಲಿಕುಂಟೇಲಿ, ಜೋಡಿಗೆ ಇನ್ನೊಬ್ಬ ಹುಡುಗ ಸಿಗದಿದ್ರೆ ಗಿಂಡಿ ಇಡ್ತಿದ್ರು. ಗಿಂಡಿ ಬಾಯಿಗೆ ಒಂದು ಎಲೆ ಸಿಗಿಸೋದು. ಹುಡುಗಂದು ಆದ್ಮೇಲೆ ಹಜಾಮರು ಆ ಎಲೆ ತುದಿ ಕುಯ್ಯೋದು. ಅದೂ ಒಂದು ತಲೆ ಅಂತ ಲೆಕ್ಕ. ನಮ್ಮಣ್ಣಂಗೆ ಹಂಗೇ ಮಾಡಿದ್ದು, ನಾನೇ ನೋಡಿವ್ನಿ.” ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕ, ನಿನ್ ಚೀಲದಾಗೆ ಎಲೆ ಐತಾ?”

“ಐತೆ. ಒಂದೇ ಇರೋದು. ಬಾಡೈತೆ.”

“ಬಾಡಿದ್ರೆ ಬಾಡ್ಲಿ ಕೊಡು. ಅದೇನು ಅಳ್ತದಾ?”

ಎಣ್ಣೆ ಕೈಯಲ್ಲೇ ಸೊಂಟದ ಚೀಲದಿಂದ ಎಲೆ ತೆಗೆದುಕೊಟ್ಟೆ. ಮಧ್ಯಾಹ್ನದ ಊಟಕ್ಕೆಂದು ಇಟ್ಟುಕೊಂಡಿದ್ದ ಎಲೆ. ಅವತ್ತು ಬಿರಿಯಾನಿಯ ಘಮ ಮೂಗಿಗೆ ಬಡಿಯುತ್ತಿದ್ದರೂ ನನಗೆ ಚಿಂತೆ ಆ ಎಲೆಯದೇ.

ನಡುಮನೆಯಲ್ಲಿ ಒಂದು ಮಣೆಯ ಮೇಲೆ ಸಲೀಮ, ಇನ್ನೊಂದರ ಮೇಲೆ ಕೆಂಪು ಗಿಂಡಿ. ಗಿಂಡಿಗೂ ಹೂವಿನ ಹಾರ ಹಾಕಿದ್ದರು. ಜರಿ ಟೋಪಿ ಅದರ ಬಾಯಿಗೆ ಹಿಡಿಸಲಿಲ್ಲ. ಹಜಾಮರು ಏನೂ ಕೇಳಲಿಲ್ಲ, ಅವರಿಗೆ ಹಳೆಯ ಪದ್ಧತಿ ಗೊತ್ತಿತ್ತು. ಸಲೀಮ ಬೀದಿ ಹಾರಿ ಹೋಗುವಂತೆ ಕಿರುಚಿದ. ಆಮೇಲೆ ಹಜಾಮರು ನನ್ನ ಎಲೆಯ ತುದಿಯನ್ನು ಬೆರಳಲ್ಲಿ ಹಿಡಿದು ಕುಯ್ದರು. ಹಿರಿಯರೆಲ್ಲ ದುವಾ ಮಾಡಿ ಎದ್ದರು. ಒಳಕೋಣೆಯಲ್ಲಿ ಅಯಾನ್ ಹೊಗೆ ಹಾಕಿಸಿಕೊಂಡು ನಿದ್ದೆ ಹೋಗಿದ್ದ. ಬಾಗಿಲಿಗೆ ಬೆನ್ನು ಕೊಟ್ಟು ನಸೀಮ ಕೂತಿದ್ದಳು. ಎಲ್ಲ ಮುಗಿಯಿತು ಎಂದು ನಾನು ಹೇಳಿದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ.

ಫುಪ್ಪು ಸಿಟ್ಟುಮಾಡಿಕೊಂಡು ಊಟಕ್ಕೆ ಕೂರದೆ ಹೊರಟಳು. ಬಿರಿಯಾನಿಯನ್ನು ಡಬ್ಬಿಗೆ ಹಾಕಿಸಿಕೊಂಡಳು, ಅದು ಬೇರೆ.

ಬೂಬಮ್ಮ ಆಮೇಲೆ ಬೀದಿಯವರಿಗೆ ನಿಜವನ್ನೇ ಹೇಳಿದಳು. ಕೆಲವರು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು, ಕೆಲವರು ಜಿಲೇಬಿಯ ಮಾತೆತ್ತಿದರು. “ತಿಂದಿದ್ದು ಅರಗಿಲ್ವಾ?” ಎಂದು ಬೂಬಮ್ಮ ಕೇಳಿದಳು. ಒಬ್ಬಳು ಮಾತ್ರ ಸದ್ದಿಲ್ಲದೆ ತನ್ನ ಮಗನನ್ನು ಎತ್ತಿಕೊಂಡು ಬಂದು, ಆ ಡಾಕ್ಟರಮ್ಮ ತುಮಕೂರಲ್ಲಿ ಎಲ್ಲಿ ಕೂರ್ತಾರೆ ಎಂದು ನಸೀಮಳನ್ನು ವಿಚಾರಿಸಿಕೊಂಡು ಹೋದಳು.

ಅಯಾನ್‌ಗೆ ಒಂದಲ್ಲ, ಎರಡು ಸಲ ಆಪರೇಷನ್ ಆಯಿತು. ಮೊದಲನೆಯದರಲ್ಲಿ ಒಂದು ಕಡೆ ಸೋರುತ್ತಿತ್ತು, ಮತ್ತೆ ಮಾಡಿದರು. ಮಗು ನರಳಿತು, ನಸೀಮ ಸೊರಗಿದಳು. ಸುಲಭವಾಗಿ ಆಯಿತು ಎಂದು ನಾನು ಹೇಳುವುದಿಲ್ಲ. ಉಳಿಸಿಕೊಂಡ ಚರ್ಮವೆಲ್ಲ ಅದಕ್ಕೇ ಖರ್ಚಾಯಿತು. “ನೋಡ್ದಾ ಅಕ್ಕ, ಡಾಕ್ಟ್ರಮ್ಮನೇ ಖತ್ನಾನೂ ಮಾಡ್ಬುಟ್ಲು. ನಾನು ಮೊದಲೇ ಹೇಳ್ಲಿಲ್ವಾ, ಪುಣ್ಯದ ಮಗು ಅಂತ” ಎಂದು ಬೂಬಮ್ಮ ಗೆದ್ದವಳ ಹಾಗೆ ಹೇಳಿದಳು. ಈಗ ಹುಡುಗ ಶಾಲೆಗೆ ಹೋಗುತ್ತಾನೆ. ಎಲ್ಲ ಹುಡುಗರಂತೆ ಗೋಡೆ ಕಂಡರೆ ಸಾಕು, ನಿಂತುಬಿಡುತ್ತಾನೆ. ನಮ್ಮ ಗೋಡೆಯನ್ನೂ ಬಿಟ್ಟಿಲ್ಲ. ಬೇರೆ ಹುಡುಗರಿಗೆ ಬೈದ ಹಾಗೆ ಅವನಿಗೂ ಬೈದಿದ್ದೇನೆ.

ನನ್ನ ಒಂದು ಬಾಡಿದ ಎಲೆಗೆ ಬದಲಾಗಿ ಬೂಬಮ್ಮ ಅವತ್ತಿನಿಂದ ಹಬ್ಬಕ್ಕೊಂದು ಕಟ್ಟು ಎಲೆ ಕಳಿಸುತ್ತಾಳೆ. ನಿನ್ನೆ ಹಬ್ಬವಿರಲಿಲ್ಲ. ಆದ್ದರಿಂದ ಇವತ್ತು ಹೋಗಲೇಬೇಕಾಯಿತು.

ಹೋಗಿ ನೋಡಿದರೆ ಬಚ್ಚಲಲ್ಲಿ ಮಣೆಯ ಬದಲು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. “ನಿನ್ ಸಿಂಹಾಸನ” ಎಂದಳು ಬೂಬಮ್ಮ. ತೊಡೆಯ ಮೇಲೆ ದಪ್ಪ ಟವೆಲು ಹಾಸಿಕೊಂಡು ಕೂತೆ. ನಸೀಮಳೇ ಕೂಸಿಗೆ ಎಣ್ಣೆ ಹಚ್ಚಿದಳು. ನಾನು ಹಿಡಿದುಕೊಂಡೆ, ಅವಳು ನೀರು ಹೊಯ್ದಳು. ಮೂಗು ತಿದ್ದೋಣ ಎಂದು ಕೈ ಎತ್ತಿದೆ. “ಬ್ಯಾಡ ಅಜ್ಜಿ” ಅಂದಳು. ಎತ್ತಿದ ಕೈಯಲ್ಲಿ ನನ್ನ ಮೂಗನ್ನೇ ಕೆರೆದುಕೊಂಡೆ.

ಎರಡನೆಯ ಚೊಂಬು ಬೀಳುತ್ತಿದ್ದ ಹಾಗೆ ಕೂಸು ನೆಟ್ಟಗೆ ನನ್ನ ಎದೆಗೇ ಹೊಯ್ದಿತು. ರವಿಕೆ, ಸೆರಗು, ಕತ್ತಿನವರೆಗೆ. ನಸೀಮಳ ಕೈಯ ಚೊಂಬು ಹಾಗೇ ನಿಂತಿತು. ಬೂಬಮ್ಮ ಬಾಗಿಲಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದವಳು ಬಗ್ಗಿ ನೋಡಿದಳು. ಆಮೇಲೆ ನಸೀಮ ನಕ್ಕಳು. ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

“ಮರ್ಯಾದೆ ಇಲ್ಲದ್ದು” ಅಂದೆ. ಒರೆಸಿಕೊಳ್ಳಲು ಸೊಂಟಕ್ಕೆ ಕೈ ಹಾಕಿದರೆ ಹಳೆಯ ಬಟ್ಟೆ ಇರಲಿಲ್ಲ. ಆ ಕೆಲಸ ಬಿಟ್ಟಾಗಲೇ ಅದನ್ನೂ ಬಿಟ್ಟಿದ್ದೆ.

“ಫುಪ್ಪು ಆಗಲೇ ಫೋನು ಮಾಡಿದ್ಲು, ದಿನ ಯಾವಾಗ ಅಂತ,” ಎಂದಳು ಬೂಬಮ್ಮ. ಎಲೆ ಮಡಚಿ ನನ್ನ ಬಾಯಿಗೇ ಇಟ್ಟಳು, ನನ್ನ ಕೈ ಖಾಲಿ ಇರಲಿಲ್ಲವಲ್ಲ. ಅವಳು ತುದಿ ಮುರಿಯುವುದಿಲ್ಲ. ಆಮೇಲೆ ಸೊಸೆಯ ಕಡೆ ನೋಡಿದಳು. “ಏನಂತ ಹೇಳ್ಲಿ ನಸೀಮ? ಈ ಸಲ ಮಗೂಗಾ, ಎಲೆಗಾ? ನೀನು ಹೇಳಿದ್ದೇ ಆಗ್ಲಿ.”

ನಸೀಮ ಕೂಸಿನ ನೆತ್ತಿಗೆ ಕೈ ಅಡ್ಡ ಹಿಡಿದು ನೀರು ಹೊಯ್ದಳು. “ಮೊದ್ಲು ಡಾಕ್ಟ್ರಮ್ಮ ನೋಡ್ಲಿ ಅಮ್ಮಿ. ಆಮೇಲೆ ನಾನೂ ಅವರೂ ಮಾತಾಡಿ ಹೇಳ್ತೀವಿ. ಅಲ್ಲಿಗಂಟ ಫುಪ್ಪುಗೆ ಚೂದ್ದಾಂ ಅನ್ನಿ.”

ಬೂಬಮ್ಮ ಅದಕ್ಕೂ ಹೂಂ ಅಂದಳು.

ಕೂಸನ್ನು ಒರೆಸಿ ಕೊಟ್ಟು, ಕುರ್ಚಿಯ ಕೈ ಹಿಡಿದು ಎದ್ದೆ. ಮಂಡಿ ಲಟಕ್ಕೆಂದಿತು. “ನಾಳೆ ಬತ್ತೀಯಾ ಅಜ್ಜಿ?” ಎಂದು ನಸೀಮ ಕೇಳಿದಳು.

“ಬತ್ತೀನಿ,” ಅಂದೆ. “ಹಳೇ ಸೀರೆ ಉಟ್ಕಂಡು.”